ಹಟ್ಟಿಯ ಸಂಗಡ ನಡೆಯುವ ಕರೆಂಟು

ಹೊಸಪೇಟೆಯ ಆಸುಪಾಸಿನಲ್ಲಿ ಎಷ್ಟು ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ತುಂಗಭದ್ರಾ ಅಣೆಕಟ್ಟಿನ ಬುಡದಲ್ಲಿ ಒಂದು ವಿದ್ಯುದಾಗಾರವಿದೆ. ಕಾಲುವೆ ಹಿಡಿದ ನೀರು ಹಂಪಿಯ ಕಡೆಗೆ ಬಂದಾಗ ಅಲ್ಲಿ ಇನ್ನೊಂದಿದೆ. ಎರಡೂ ಸೇರಿದರೆ ಸುಮಾರು 70 ಮೆಗಾವಾಟ್. ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ. ನಡುವೆ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ನೂರಾರು ಮೆಗಾವಾಟಿನ ಮತ್ತೊಂದು. ದೊಡ್ಡ ಕಂಬಗಳು ಹೊಲಗಳ ಮೇಲೆ ತಂತಿ ಹೊತ್ತು ದೂರದ ಊರುಗಳಿಗೆ ಹೋಗುತ್ತವೆ. ಆ ತಂತಿಗಳ ಕೆಳಗೇ ರಾತ್ರಿ ಕತ್ತಲಲ್ಲಿ ಮಲಗುವ ಜನರಿದ್ದಾರೆ. ಬಡತನವೊಂದೇ ಇದಕ್ಕೆ ಕಾರಣವಲ್ಲ. ಅವರಲ್ಲಿ ನೂರಾರು ಕುರಿಗಳ ಒಡೆಯರೂ ಇದ್ದಾರೆ. ಅವರಿಗೆ ಕರೆಂಟು ಸಿಗದಿರುವುದಕ್ಕೆ ಕಾರಣ ಬೇರೆ. ಅವರು ಒಂದೇ ಜಾಗದಲ್ಲಿ ನಿಲ್ಲುವವರಲ್ಲ. ಇವತ್ತಿನ ಈ ಮಾತು ಅವರ ಕುರಿತದ್ದು. ಹೊತ್ತು ಒಯ್ಯಬಹುದಾದ ಸಣ್ಣ ಸೋಲಾರ್ ಪ್ಲೇಟು ಈಗ ಪ್ರವಾಸಿಗರ ಟೆಂಟಿನ ಸಾಮಾನು ಎಂದು ಮಾರಾಟವಾಗುತ್ತಿದೆ. ನಮ್ಮ ಸೀಮೆಯಲ್ಲಿ ಅದರ ಮೊದಲ ಹಕ್ಕುದಾರರು ಪ್ರವಾಸಿಗರಲ್ಲ, ಕುರಿ ಹಟ್ಟಿಯವರು ಮತ್ತು ಕಬ್ಬು ಕಡಿಯುವ ಗ್ಯಾಂಗಿನವರು ಎಂಬುದು ನನ್ನ ವಾದ.

ಯಾರು ಈ ಜನ? ಕರ್ನಾಟಕದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ಕುರಿಯ ಒಂದು ತಳಿಗೆ ಬಳ್ಳಾರಿಯ ಹೆಸರೇ ಇದೆ. ಈ ಕುರಿಗಳಲ್ಲಿ ದೊಡ್ಡ ಪಾಲು ಊರಿನ ಕೊಟ್ಟಿಗೆಯಲ್ಲಿ ಬೆಳೆಯುವುದಿಲ್ಲ, ನಡೆಯುತ್ತ ಬೆಳೆಯುತ್ತದೆ. ಮುಂಗಾರು ಮುಗಿದು ಬೆಳೆ ಕಟಾವಾದ ಮೇಲೆ ಕುರಿಗಾಹಿ ಕುಟುಂಬಗಳು ಹೊರಡುತ್ತವೆ. ಕಂಪ್ಲಿಯ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು ಕೊಯ್ಲಾಗುವ ಹೊತ್ತಿಗೆ ಮಂದೆಗಳು ಅಲ್ಲಿಗೆ ಇಳಿಯುತ್ತವೆ. ಗದ್ದೆಯ ರೈತ ಅವರನ್ನು ಕರೆದು ಕುರಿ ತರುಬಿಸುತ್ತಾನೆ. ರಾತ್ರಿ ಕುರಿ ಮಲಗಿದ ಗದ್ದೆಗೆ ಹಿಕ್ಕೆ ಬೀಳುತ್ತದೆ, ಗಂಜಲ ಬೀಳುತ್ತದೆ. ಅದಕ್ಕೆ ಪ್ರತಿಯಾಗಿ ರೈತ ದುಡ್ಡನ್ನೋ ಕಾಳನ್ನೋ ಕೊಡುತ್ತಾನೆ. ಎರಡು ಮೂರು ರಾತ್ರಿ ಕಳೆದ ಮೇಲೆ ಹಟ್ಟಿ ಪಕ್ಕದ ಗದ್ದೆಗೆ ಹೋಗುತ್ತದೆ. ಕುರಿಗಳ ಸುತ್ತ ಕಟ್ಟಿದ ಬಲೆ ಕಿತ್ತು ಮಡಚಿ, ಪಾತ್ರೆ ಕಂಬಳಿ ಕಟ್ಟಿ, ಕತ್ತೆಯ ಮೇಲೋ ಕುದುರೆಯ ಮೇಲೋ ಟೆಂಪೋದಲ್ಲೋ ಹೇರುತ್ತಾರೆ. ವರ್ಷದಲ್ಲಿ ಏಳೆಂಟು ತಿಂಗಳು ಇದೇ ಬದುಕು. ಇನ್ನೊಂದು ಗುಂಪು ಕಬ್ಬು ಕಡಿಯುವವರದು. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿದ್ದರೂ ಹೊಸಪೇಟೆ ಮತ್ತು ಕಂಪ್ಲಿಯ ಗದ್ದೆಗಳಲ್ಲಿ ಕಬ್ಬು ನಿಂತಿಲ್ಲ, ಆಲೆಮನೆಗಳೂ ನಿಂತಿಲ್ಲ. ಕಬ್ಬು ಕಡಿಯುವ ಜನ ಗದ್ದೆಯಂಚಿನಲ್ಲೇ ಗುಡಿಸಲು ಹಾಕುತ್ತಾರೆ. ನಮ್ಮ ತಾಂಡಾಗಳ ಲಂಬಾಣಿ ಕುಟುಂಬಗಳು ಇದೇ ಕೆಲಸಕ್ಕೆ ಮಂಡ್ಯದ ಕಡೆಗೂ, ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ಕಡೆಗೂ ಹೋಗುತ್ತವೆ. ಹಂಪಿ, ಸಂಡೂರಿನ ಬಂಡೆಗಳ ನಡುವೆ ರಜೆಯಲ್ಲಿ ಟೆಂಟು ಹೂಡುವವರಿಗೆ ಅದು ಎರಡು ದಿನದ ಸಂತೋಷ. ಇವರಿಗೆ ಟೆಂಟೇ ಮನೆ.

ಯಾರ ಮಾತು ಎಂಬುದು ತಿಳಿಯಿತು: ನಡೆಯುವ ಹಟ್ಟಿಯವರು, ಗದ್ದೆಯಂಚಿನ ಗುಡಿಸಲಿನವರು. ಅವರಿಗೆ ಈವರೆಗೆ ಕರೆಂಟು ಏಕೆ ತಲುಪಲಿಲ್ಲ ಎಂಬುದು ಮುಂದಿನ ಪ್ರಶ್ನೆ. ಸರ್ಕಾರಗಳು ಸುಮ್ಮನೆ ಕೂತಿಲ್ಲ. ಭಾಗ್ಯಜ್ಯೋತಿ ಬಂತು, ಕುಟೀರ ಜ್ಯೋತಿ ಬಂತು. 2017ರಲ್ಲಿ ಕೇಂದ್ರದ ಸೌಭಾಗ್ಯ ಯೋಜನೆ ಬಂತು. 2023ರಲ್ಲಿ ರಾಜ್ಯದ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. 2024ರಲ್ಲಿ ಒಂದು ಕೋಟಿ ಮನೆಗಳ ಚಾವಣಿಗೆ ಸೋಲಾರ್ ಹಾಕಿಸುವ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆ ಬಂತು. ಇವೆಲ್ಲ ಒಳ್ಳೆಯ ಯೋಜನೆಗಳು, ಲಕ್ಷಾಂತರ ಮನೆಗಳಿಗೆ ಬೆಳಕು ತಂದಿವೆ. ಆದರೆ ಇವುಗಳ ಒಳಗೆ ಹೋಗುವ ಬಾಗಿಲು ಒಂದೇ. ಮನೆ ಬೇಕು, ಗೋಡೆ ಬೇಕು, ಗೋಡೆಯ ಮೇಲೆ ವಿದ್ಯುತ್ ಕಂಪನಿ ಜೆಸ್ಕಾಂನ ಮೀಟರ್ ಬೇಕು, ಮೀಟರಿಗೆ ಆರ್.ಆರ್. ನಂಬರ್ ಬೇಕು. ಕುರಿಗಾಹಿಗೆ ಊರಲ್ಲಿ ಮನೆ ಇರಬಹುದು. ಅಲ್ಲಿ ಗೃಹಜ್ಯೋತಿಯ ದೀಪವೂ ಉರಿಯುತ್ತಿರಬಹುದು. ಮನೆಯಲ್ಲಿರುವ ಮುದುಕರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಅದು ದೊಡ್ಡ ನೆರವು. ಆದರೆ ಏಳೆಂಟು ತಿಂಗಳು ಗದ್ದೆಯಲ್ಲಿ ಮಲಗುವ ಗಂಡ ಹೆಂಡತಿಗೆ ಆ ಮೀಟರಿನಿಂದ ಒಂದು ಬಲ್ಬೂ ಉರಿಯುವುದಿಲ್ಲ. ತಪ್ಪು ಯಾವುದೋ ಒಂದು ಕಚೇರಿಯದ್ದಲ್ಲ. ನಾವೆಲ್ಲರೂ ವಿದ್ಯುತ್ತನ್ನು ಕಟ್ಟಡದ ಸೌಲಭ್ಯ ಎಂದು ಎಣಿಸಿದ್ದೇವೆ. ಕಟ್ಟಡ ಬಿಟ್ಟು ಹೊರಟ ಮನುಷ್ಯ ಎಣಿಕೆಯಿಂದಲೇ ಹೊರಗುಳಿದ.

ಹಾಗಾದರೆ ಹಟ್ಟಿಗೆ ಬೇಕಾದ ಕರೆಂಟು ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ದಯವಿಟ್ಟು ಜೊತೆಗಿರಿ, ಕಷ್ಟದ ಲೆಕ್ಕವಲ್ಲ. 3 ವಾಟಿನ ಎರಡು ಎಲ್‌ಇಡಿ ದೀಪ, ರಾತ್ರಿ 5 ಗಂಟೆ ಉರಿದರೆ 30 ವಾಟ್-ಗಂಟೆ. ಎರಡು ಮೊಬೈಲ್ ಪೂರ್ತಿ ಚಾರ್ಜಾಗಲು ಇನ್ನೊಂದು 30. ಒಂದು ಟಾರ್ಚು, ಒಂದು ಸಣ್ಣ ರೇಡಿಯೊ, ಅವಕ್ಕೆ 10. ಒಟ್ಟು 70 ವಾಟ್-ಗಂಟೆ. ಮೂವತ್ತು ದಿನಕ್ಕೆ ಗುಣಿಸಿ ನೋಡಿ. ಸುಮಾರು ಎರಡು ಯೂನಿಟ್ ಆಗುತ್ತದೆ. ತಿಂಗಳಿಗೆ ಎರಡೇ ಎರಡು ಯೂನಿಟ್! ಮನೆಯಲ್ಲಿದ್ದವನಿಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲದೆ ಕೊಡಲು ನಮ್ಮಿಂದ ಸಾಧ್ಯವಾಗಿದೆ. ಹೊರಗೆ ಮಲಗಿದವನಿಗೆ ಎರಡು ಯೂನಿಟ್ ತಲುಪಿಸುವ ದಾರಿ ಮಾತ್ರ ಕಂಡಿಲ್ಲ. ಆ ದಾರಿ ದೂರವೇನಿಲ್ಲ. ನಮ್ಮ ಸೀಮೆಯಲ್ಲಿ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು 5 ಗಂಟೆ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ಸಿಗುತ್ತದೆ. 30 ವಾಟಿನ ಪ್ಲೇಟು 5 ಗಂಟೆಯಲ್ಲಿ 150 ವಾಟ್-ಗಂಟೆ ಕೊಡಬೇಕು. ಶಾಖಕ್ಕೆ, ದೂಳಿಗೆ, ವೈರಿಗೆ, ಬ್ಯಾಟರಿಗೆ ಮೂರನೇ ಒಂದು ಪಾಲು ಹೋಯಿತು ಎನ್ನಿ. ನೂರು ಉಳಿಯುತ್ತದೆ. ಬೇಕಾದದ್ದು 70. ಆ ಪ್ಲೇಟಿನ ತೂಕ ಮೂರು ಕಿಲೋ ಒಳಗೆ. ಅಗಲ ಉದ್ದ ನೋಡಿದರೆ ಎರಡು ದೊಡ್ಡ ಊಟದ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟಷ್ಟು. ಎರಡು ರಾತ್ರಿಗೆ ಸಾಲುವ ಲೀಥಿಯಂ ಬ್ಯಾಟರಿ ಒಂದೂವರೆ ಕಿಲೋ ಆಸುಪಾಸು. ಅಷ್ಟೇ ಶಕ್ತಿಯ ಹಳೆಯ ಬಗೆಯ ಸೀಸದ ಬ್ಯಾಟರಿಯಾದರೆ ನಾಲ್ಕು ಕಿಲೋ. ಹೊತ್ತು ನಡೆಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಬೇಕಾದದ್ದು ತಿಂಗಳಿಗೆ ಎರಡು ಯೂನಿಟ್, ಅದಕ್ಕೆ 30 ವಾಟಿನ ಪ್ಲೇಟು ಸಾಕು ಎಂದಾಯಿತು. ಆದರೆ ಅಂಗಡಿಯಲ್ಲಿ ತಂದು ಬಿಸಿಲಿಗೆ ಇಟ್ಟ ಮಾತ್ರಕ್ಕೆ ಅದು ಸರಿಯಾಗಿ ದುಡಿಯುವುದಿಲ್ಲ. ನಮ್ಮ ನೆಲಕ್ಕೆ ತಕ್ಕಂತೆ ಬಳಸುವ ಬಗೆ ಬೇರೆಯೇ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೊಟ್ಟಣದೊಳಗಿನ ಚೀಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಮೊದಲನೆಯದು ದಿಕ್ಕು. ಪ್ಲೇಟನ್ನು ದಕ್ಷಿಣಕ್ಕೆ ಮುಖಮಾಡಿ ಇಡಿ ಎನ್ನುತ್ತಾರೆ. ಚಳಿಗಾಲದಲ್ಲಿ ಅದು ಸರಿ. ಆಗ ತಲೆಯ ಕಡೆ ಒಂದೆರಡು ಇಟ್ಟಿಗೆ ಕೊಟ್ಟು ಎತ್ತರಿಸಬೇಕು. ಆದರೆ ಹೊಸಪೇಟೆ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಅವನು ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣಕ್ಕೆ ವಾಲಿಸುವುದು ನಷ್ಟ. ನೆಲಕ್ಕೆ ಸಮನಾಗಿ ಮಲಗಿಸಿ ಇಡುವುದೇ ಮೇಲು. ಎರಡನೆಯದು ನೆರಳು. ಪ್ಲೇಟಿನೊಳಗಿನ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಒಂದು ಮೂಲೆಗೆ ಜಾಲಿಯ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಮೂಲೆಯಷ್ಟೇ ನಷ್ಟವಾಯಿತು ಎಂದುಕೊಳ್ಳಬಾರದು. ಇನ್ನು ಶಾಖ. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಪ್ಲೇಟು ದುಡಿಯುವುದು ಬೆಳಕಿನಿಂದ. ಶಾಖ ಅದಕ್ಕೆ ಶತ್ರು. ಬೇಸಿಗೆಯಲ್ಲಿ ಅದರ ಮೈ 60 ಡಿಗ್ರಿ ದಾಟುತ್ತದೆ. ಆಗ ಇಳುವರಿ ನೂರಕ್ಕೆ ಹದಿನೈದರಷ್ಟು ಇಳಿಯುತ್ತದೆ. ಕಾದ ಬಂಡೆಯ ಮೇಲೆ ಅಂಗಾತ ಇಡದೆ ಕೆಳಗೆ ಗಾಳಿ ಆಡುವಂತೆ ಕಲ್ಲು ಕೊಟ್ಟು ಎತ್ತರಿಸಿದರೆ ಸ್ವಲ್ಪ ಉಳಿಯುತ್ತದೆ. ಬ್ಯಾಟರಿಯನ್ನಂತೂ ಯಾವಾಗಲೂ ನೆರಳಲ್ಲೇ ಇಡಬೇಕು. ಸಂಡೂರಿನ ಅದಿರು ಸಾಗುವ ರಸ್ತೆಗಳ ಬದಿಯಲ್ಲಿ ಕೆಂಪು ದೂಳು ಬೇಗ ಕೂರುತ್ತದೆ. ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅದೂ ಬೆಳಗಿನ ತಂಪಿನಲ್ಲಿ. ಕಾದ ಗಾಜಿಗೆ ತಣ್ಣೀರು ಹಾಕಬಾರದು. ಮಡಚುವ ಬಟ್ಟೆಯ ಪ್ಲೇಟುಗಳು ಹಗುರ, ಚೆಂದ. ಆದರೆ ಅಲ್ಯುಮಿನಿಯಂ ಚೌಕಟ್ಟಿನ ಗಾಜಿನ ಪ್ಲೇಟು ದಿನವೂ ಬಿಸಿಲು ಕಂಡರೂ ಹೆಚ್ಚು ವರ್ಷ ಬಾಳುತ್ತದೆ. ಕಂಬಳಿಯಲ್ಲಿ ಸುತ್ತಿ ಹೇರಿದರೆ ಒಡೆಯುವ ಭಯ ಕಡಿಮೆ. ಕುರಿ ಮೇಯಿಸಲು ಹೋದವರ ಬೆನ್ನಿಗೆ ಇದನ್ನು ಕಟ್ಟುವ ಅಗತ್ಯವೂ ಇಲ್ಲ. ಹಗಲು ಹಟ್ಟಿಯಲ್ಲಿ ಮರಿಗಳ ಜೊತೆ ಒಬ್ಬರು ಉಳಿದೇ ಇರುತ್ತಾರೆ. ಹೆಚ್ಚಾಗಿ ಹೆಣ್ಣುಮಗಳು. ಪ್ಲೇಟು ಅವಳ ಕಣ್ಣೆದುರಿಗೇ ಇರಲಿ.

ಬಳಸುವ ಬಗೆ ಹೇಳಿದ್ದಾಯಿತು. ಈಗ ಆಕ್ಷೇಪಗಳನ್ನು ಎತ್ತಿಕೊಳ್ಳುತ್ತೇನೆ. ಮೊದಲನೆಯ ಆಕ್ಷೇಪ: ಅಜ್ಜ ಮುತ್ತಜ್ಜಂದಿರು ದೀಪವಿಲ್ಲದೆ ಕುರಿ ಕಾಯಲಿಲ್ಲವೇ? ಕಾದರು. ಆದರೆ ಏನೆಲ್ಲ ಕಳೆದುಕೊಂಡು ಕಾದರು ಎಂಬುದನ್ನೂ ಕೇಳಬೇಕು. ಭತ್ತದ ಗದ್ದೆ ಎಂದರೆ ಇಲಿ, ಇಲಿ ಎಂದರೆ ಹಾವು. ನೆಲದ ಮೇಲೆ ಮಲಗುವವರಿಗೆ ಹಾವಿನ ಕಡಿತ ದಿನನಿತ್ಯದ ಅಪಾಯ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಸಮಸ್ಯೆ ಅಷ್ಟು ದೊಡ್ಡದು. ರಾತ್ರಿ ಏಳುವಾಗ ಕಾಲಿಡುವ ಜಾಗ ಕಾಣುವುದು ಸುಖದ ಮಾತಲ್ಲ, ಜೀವದ ಮಾತು. ಮೊಬೈಲಿನದ್ದೂ ಇದೇ ಕಥೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಸಿಡಿಲು ಮೊದಲು ಹೊಡೆಯುವುದು ಬಯಲಿನಲ್ಲಿ ನಿಂತವರನ್ನು, ಒಂಟಿ ಮರದ ಕೆಳಗೆ ಸೇರಿದ ಮಂದೆಯನ್ನು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದಕ್ಕೆಂದೇ ‘ಸಿಡಿಲು’ ಎಂಬ ಆ್ಯಪ್ ಮಾಡಿದೆ. ಅದು ಎಚ್ಚರಿಸಬೇಕಾದರೆ ಸಂಜೆ ಐದು ಗಂಟೆಗೆ ಮೊಬೈಲಿನಲ್ಲಿ ಚಾರ್ಜ್ ಇರಬೇಕು. ಪಶುವೈದ್ಯರಿಗೆ ಕರೆ, ಸಂತೆಯ ಧಾರಣೆ, ಊರಿನ ಮಕ್ಕಳ ಕ್ಷೇಮ, ಎಲ್ಲವೂ ಅದೇ ಮೊಬೈಲಿನಲ್ಲಿ. ಊರೊಳಗಿನ ಅಂಗಡಿಯಲ್ಲಿ ಚಾರ್ಜಿಗೆ ಇಡಬಹುದಲ್ಲ ಎಂದರೆ, ಇಡುತ್ತಾರೆ. ಅಂದರೆ ಒಬ್ಬರು ಮಂದೆ ಬಿಟ್ಟು ಊರಿಗೆ ನಡೆದು ಹೋಗಬೇಕು, ಕಾದು ಕೂರಬೇಕು. ಅಷ್ಟೂ ಹೊತ್ತು ಹಟ್ಟಿಯಲ್ಲಿ ಮೊಬೈಲೂ ಇಲ್ಲ, ಆ ಮನುಷ್ಯನೂ ಇಲ್ಲ.

ಎರಡನೆಯ ಆಕ್ಷೇಪ ಕಾಡಿನ ಕಡೆಯಿಂದ ಬರುತ್ತದೆ. ಹಂಪಿಗೆ ಹತ್ತಿರದಲ್ಲೇ 1994ರಲ್ಲಿ ಘೋಷಿಸಿದ ದರೋಜಿ ಕರಡಿಧಾಮವಿದೆ. ಸಂಡೂರಿನ ಗುಡ್ಡಗಳಲ್ಲಿ ಚಿರತೆ ಇದೆ. ಬಯಲಿನಲ್ಲಿ ತೋಳವಿದೆ. ಎಲ್ಲ ಕಡೆ ದೀಪ ಉರಿದರೆ ಅವುಗಳ ಗತಿಯೇನು? ಇದು ನಿಜವಾದ ಕಾಳಜಿ, ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ನಾನು ಹೇಳುತ್ತಿರುವುದು 3 ವಾಟಿನ ದೀಪ, ಸರ್ಚ್‌ಲೈಟ್ ಅಲ್ಲ. ನೆಲಕ್ಕೆ ಮುಖಮಾಡಿದ, ಬಲೆಯ ಒಳಗಷ್ಟೇ ಬೀಳುವ ಹಳದಿ ಬೆಳಕು. ದೀಪವೊಂದರಿಂದಲೇ ತೋಳ ಹೆದರಿ ಓಡುತ್ತದೆ ಎಂದು ನಂಬಿಸುವವರ ಮಾತಿಗೆ ಮರುಳಾಗಬೇಡಿ. ಕಾವಲು ನಾಯಿಗಳದ್ದೇ. ನಾಯಿ ಬೊಗಳಿದಾಗ ಯಾವ ಕಡೆ ಏನು ಬಂದಿದೆ ಎಂದು ನೋಡಲು ದೀಪ ಬೇಕು. ಕಾಡಿನ ನೆಮ್ಮದಿ ಕೆಡಿಸುವುದು ಹಟ್ಟಿಯ ಬುಡ್ಡಿದೀಪದಂಥ ಬೆಳಕಲ್ಲ, ಜನರೇಟರಿನ ಗದ್ದಲ ಮತ್ತು ಜೋರು ಹಾಡು. ಈ ಮಾತು ಪ್ರವಾಸಿಗರಿಗೆ ಸಲ್ಲುತ್ತದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ನೆಲ ಅಗೆಯಲು, ಕಂಬ ನೆಡಲು ಕಟ್ಟುಪಾಡುಗಳಿವೆ, ಇರಲೇಬೇಕು. ಅನುಮತಿ ಇರುವ ಕಡೆ ಟೆಂಟು ಹೂಡುವವರು ಜನರೇಟರ್ ಬಿಟ್ಟು ಪ್ಲೇಟು ತಂದರೆ ಒಳ್ಳೆಯದೇ. ಅದು ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ, ಎದ್ದು ಹೋದ ಮೇಲೆ ಗುಂಡಿ ಉಳಿಸುವುದಿಲ್ಲ. ಅವರ ಬಗ್ಗೆ ಇಷ್ಟು ಸಾಕು. ಕೊಳ್ಳುವ ಶಕ್ತಿ ಅವರಿಗಿದೆ.

ಅಪಾಯದ ಮಾತಿಗೆ, ಕಾಡಿನ ಮಾತಿಗೆ ಉತ್ತರ ಹೇಳಿದೆ. ಇನ್ನೊಂದು ಆಕ್ಷೇಪ ಇವೆರಡಕ್ಕಿಂತ ಗಟ್ಟಿಯಾದದ್ದು. ಅಲೆಯುವ ಬದುಕೇ ಕಷ್ಟದ್ದು, ಅದನ್ನು ಸುಗಮ ಮಾಡುವ ಬದಲು ಇವರನ್ನು ಊರಲ್ಲಿ ನೆಲೆ ನಿಲ್ಲಿಸಬೇಕಲ್ಲವೇ ಎನ್ನುತ್ತಾರೆ ಕೆಲವರು. ಸದುದ್ದೇಶದಿಂದಲೇ ಹೇಳುತ್ತಾರೆ. ಆದರೆ ಕುರಿ ನಡೆಯುವುದು ಜನರ ಚಟಕ್ಕಲ್ಲ. ಒಂದೇ ಊರಿನ ಗೋಮಾಳ ನೂರಾರು ಕುರಿಗಳನ್ನು ವರ್ಷಪೂರ್ತಿ ಸಾಕಲಾರದು. ಮಳೆ ಕಡಿಮೆ ಬೀಳುವ ನೆಲದಲ್ಲಿ ಮೇವು ಇರುವ ಕಡೆಗೆ ನಡೆಯುವುದೇ ಜಾಣತನ. ಇತ್ತ ಕಾಲುವೆ ಕೆಳಗಿನ ಗದ್ದೆಗಳು ವರ್ಷಕ್ಕೆ ಎರಡು ಬೆಳೆ ತೆಗೆದು, ರಸಗೊಬ್ಬರ ತಿಂದು ಸೊರಗಿವೆ. ಅವಕ್ಕೆ ಹಿಕ್ಕೆ ಬೇಕು. ಗೊಬ್ಬರ ತಾನೇ ನಡೆದು ಬಂದು ಗದ್ದೆಯಲ್ಲಿ ಬೀಳುವ ಈ ಏರ್ಪಾಟಿಗೆ ಲಾರಿ ಬೇಡ, ಡೀಸೆಲ್ ಬೇಡ. ಇದನ್ನು ನಿಲ್ಲಿಸಿದರೆ ಕುರಿಗಾಹಿಗೂ ನಷ್ಟ, ಕಂಪ್ಲಿಯ ಭತ್ತದ ರೈತನಿಗೂ ನಷ್ಟ. ಸರ್ಕಾರವೂ ಈ ಬದುಕನ್ನು ಗುರುತಿಸತೊಡಗಿದೆ. 2025ರಲ್ಲಿ ವಲಸೆ ಕುರಿಗಾಹಿಗಳ ಕಲ್ಯಾಣಕ್ಕೆ, ಅವರ ಮೇಲಿನ ದೌರ್ಜನ್ಯ ತಡೆಯಲಿಕ್ಕೆ ರಾಜ್ಯ ವಿಧಾನಮಂಡಲ ವಿಧೇಯಕವೊಂದನ್ನು ಅಂಗೀಕರಿಸಿತು. ನಡೆಯುವುದು ಹಕ್ಕು ಎಂದು ಒಪ್ಪಿದ ಮೇಲೆ, ನಡೆಯುವವರ ಜೊತೆ ಸೌಲಭ್ಯವೂ ನಡೆಯಬೇಕು ಎಂಬುದನ್ನು ಒಪ್ಪಲೇಬೇಕಾಗುತ್ತದೆ.

ಉಳಿದದ್ದು ಹಣ. ಪ್ಲೇಟು, ಬ್ಯಾಟರಿ, ಎರಡು ದೀಪ, ಚಾರ್ಜ್ ಹತೋಟಿಯ ಪೆಟ್ಟಿಗೆ, ಎಲ್ಲ ಸೇರಿ ಇವತ್ತಿನ ಪೇಟೆಯಲ್ಲಿ ಸುಮಾರು 6,000ದಿಂದ 7,000 ರೂಪಾಯಿ ಎಂದು ಹಿಡಿಯಬಹುದು. ಒಂದು ಒಳ್ಳೆಯ ಟಗರಿನ ಬೆಲೆಗಿಂತ ಕಡಿಮೆ. ಮಂದೆಯ ಒಡೆಯನಿಗೆ ಇದು ಭಾರವಲ್ಲ. ಬೇರೆಯವರ ಕುರಿ ಕಾಯುವ ಸಂಬಳಗಾರನಿಗೆ, ಕಬ್ಬು ಕಡಿಯುವ ಕುಟುಂಬಕ್ಕೆ ಭಾರವೇ. ಅವರಿಗೆ ಸಾಲ ಬೇಕು. ಬಡವರು ಸೋಲಾರ್ ಸಾಲ ತೀರಿಸಲಾರರು ಎಂಬ ಮಾತನ್ನು ಕರ್ನಾಟಕವೇ ಸುಳ್ಳು ಮಾಡಿದೆ. 1995ರಲ್ಲಿ ಹರೀಶ್ ಹಂದೆಯವರು ಆರಂಭಿಸಿದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದಲೇ ಹಳ್ಳಿಗಳಿಗೆ ಸೋಲಾರ್ ದೀಪ ಮುಟ್ಟಿಸಿತು. ಜನರ ಸಂಪಾದನೆ ಬರುವ ಹೊತ್ತು ನೋಡಿ ಕಂತು ಕಟ್ಟಿಸಿಕೊಳ್ಳುವುದು ಅದರ ತಿರುಳು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ. ಇವತ್ತು ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ನಮ್ಮ ಬಳ್ಳಾರಿಯಲ್ಲಿ. ಕುರಿಗಾಹಿಗೆ ಪ್ರತಿ ತಿಂಗಳ ಕಂತು ಹೊಂದುವುದಿಲ್ಲ. ಮರಿ ಮಾರುವ ಕಾಲಕ್ಕೆ, ಉಣ್ಣೆ ಕತ್ತರಿಸುವ ಕಾಲಕ್ಕೆ, ವರ್ಷಕ್ಕೆ ಎರಡು ಕಂತು ಇಟ್ಟರೆ ಹೊಂದುತ್ತದೆ. ಕಬ್ಬಿನ ಗ್ಯಾಂಗಿಗೆ ಮುಂಗಡ ಕೊಡುವ ವ್ಯವಸ್ಥೆ ಮೊದಲೇ ಇದೆ. ಒಂದು ಗ್ಯಾಂಗಿಗೆ ಇಂತಿಷ್ಟು ದೀಪ ಎಂದು ಕಾರ್ಖಾನೆ ಮತ್ತು ಆಲೆಮನೆಯವರೇ ಒದಗಿಸುವ ಷರತ್ತನ್ನು ಅದಕ್ಕೆ ಸೇರಿಸುವುದು ಕಷ್ಟವಲ್ಲ.

ಹಣದ ದಾರಿ ಹೀಗೆ. ಕೊನೆಯದಾಗಿ ರಿಪೇರಿಯ ಮಾತು. ಉಚಿತವಾಗಿ ಹಂಚಿದ ಸೋಲಾರ್ ದೀಪಗಳು ವರ್ಷದೊಳಗೆ ಮೂಲೆ ಸೇರುತ್ತವೆ ಎಂಬ ದೂರು ಸುಳ್ಳಲ್ಲ. ಆದರೆ ಹಾಳಾಗುವುದು ಪ್ಲೇಟಲ್ಲ. ಅದು ಇಪ್ಪತ್ತು ವರ್ಷ ಬಾಳಬಲ್ಲದು. ಹಾಳಾಗುವುದು ಬ್ಯಾಟರಿ, ಸ್ವಿಚ್ಚು, ವೈರಿನ ತುದಿ. ಪೆಟ್ಟಿಗೆಯೊಳಗೆ ಅಂಟುಹಾಕಿ ಮುಚ್ಚಿದ, ಬಿಚ್ಚಲಾಗದ ದೀಪ ಕೊಟ್ಟರೆ ಹತ್ತು ರೂಪಾಯಿಯ ಸ್ವಿಚ್ಚಿಗಾಗಿ ಇಡೀ ದೀಪವೇ ಹೋಗುತ್ತದೆ. ಆದ್ದರಿಂದ ಯಾರೇ ಕೊಡಲಿ, ಯಾರೇ ಕೊಳ್ಳಲಿ, ತಿರುಪು ಬಿಚ್ಚಿ ರಿಪೇರಿ ಮಾಡಬಹುದಾದದ್ದನ್ನೇ ಆರಿಸಬೇಕು. ಮೊಬೈಲ್ ಚಾರ್ಜರಿನ ಮಾಮೂಲಿ ವೈರೇ ಅದಕ್ಕೂ ಹೊಂದಬೇಕು. ಹೊಸಪೇಟೆ, ಕಂಪ್ಲಿ, ಸಂಡೂರಿನ ಬಸ್ ನಿಲ್ದಾಣಗಳ ಸುತ್ತ ಮೊಬೈಲ್ ರಿಪೇರಿ ಮಾಡುವ ಹುಡುಗರಿದ್ದಾರೆ. ಸಣ್ಣ ಬ್ಯಾಟರಿ ಬದಲಿಸುವುದು ಅವರಿಗೆ ಹೊಸ ವಿದ್ಯೆಯಲ್ಲ, ಒಂದೆರಡು ದಿನದ ತರಬೇತಿ ಸಾಕು. ಸತ್ತ ಬ್ಯಾಟರಿಯನ್ನು ಗದ್ದೆಯ ಬದುವಿನಲ್ಲಿ ಬಿಸಾಡಬಾರದು. ಅದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದ್ದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೇ ಹೇಳುತ್ತವೆ. ಇನ್ನು ಯಾರಿಗೆ ಕೊಡಬೇಕು, ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ. ಮನೆ ಮನೆ ತಿರುಗಿ ಹುಡುಕಿದರೆ ಕುರಿಗಾಹಿ ಸಿಗುವುದಿಲ್ಲ. ಅವನು ತಪ್ಪದೆ ಸಿಗುವ ಜಾಗ ಒಂದಿದೆ, ಕುರಿಗಳಿಗೆ ಲಸಿಕೆ ಹಾಕಿಸುವ ಪಶು ಆಸ್ಪತ್ರೆ. ಲಸಿಕೆಯ ದಿನ ಮಂದೆಯ ಒಡೆಯನ ಜೊತೆಗೆ ಸಂಬಳಕ್ಕೆ ಕಾಯುವವರ ಹೆಸರನ್ನೂ ಅಲ್ಲೇ ಬರೆದುಕೊಂಡು, ಪ್ಲೇಟು ಅಲ್ಲೇ ಕೊಟ್ಟು, ಮುಂದಿನ ಲಸಿಕೆಗೆ ಬಂದಾಗ ಬ್ಯಾಟರಿ ಪರೀಕ್ಷಿಸಿ ಕೊಡುವ ಏರ್ಪಾಟನ್ನು ಕಂಪ್ಲಿ ತಾಲ್ಲೂಕಿನಲ್ಲಿ ಈ ಸುಗ್ಗಿಗೇ ಶುರು ಮಾಡಬಹುದು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ಪಶುಪಾಲನಾ ಇಲಾಖೆ, ಗ್ರಾಮೀಣ ಬ್ಯಾಂಕು, ಈ ಮೂರೂ ಒಂದು ಮೇಜಿನ ಸುತ್ತ ಕೂತರೆ ಸಾಕು. ಮಂದೆಗಳು ಭತ್ತದ ಗದ್ದೆಗೆ ಇಳಿಯುವ ಮೊದಲು ಅವರು ಕೂರಲಿ ಎಂದು ಕೇಳಿಕೊಳ್ಳುತ್ತೇನೆ.